ಮೋ, ಹೂವು ಮತ್ತು ಅಕ್ಕನ ಗಂಟು

"ದೇವ್ರೇ ಬ್ಯಾಡ ಅಂದ್‌ ಮ್ಯಾಲೆ ನಾವ್ಯಾರು ಕಣಮ್ಮ?" ಎಂದು ಭಾವ ಫೋನಿನಲ್ಲಿ ಅಂದಾಗ ನಾನು ಮಂಡ್ಯದ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದು ಹೋಯಿತು. ಒಲೆ ಆರಿಸಬೇಕೆಂದೂ ತೋಚದಷ್ಟು ಸಿಟ್ಟು ಬಂದಿತ್ತು. ಇವತ್ತಿಗೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ನನ್ನ ಅಕ್ಕ ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಅವಳ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದನ್ನು ಯಾರಿಗೂ ಹೇಳದೆ ಸೆರಗು ಎಳೆದುಕೊಂಡು ಓಡಾಡಿದ್ದಳು. ಕೊನೆಗೆ ನನಗೆ ಹೇಳಿದಳು. ನಾನು ಗದರಿಸಿ ಮಳವಳ್ಳಿಯ ಲೇಡಿ ಡಾಕ್ಟರ ಹತ್ತಿರ ಕಳಿಸಿದೆ. ಅವರು ಮುಟ್ಟಿ ನೋಡಿ, ತಡ ಮಾಡಬೇಡಿ, ಮಂಡ್ಯಕ್ಕೆ ಹೋಗಿ, ಆಪರೇಷನ್ನೇ ಆಗಬೇಕಾಗಬಹುದು ಅಂದರಂತೆ. ಜೊತೆಗೆ ಹೋಗಿದ್ದ ಭಾವ ತಲೆಯಾಡಿಸಿಕೊಂಡು ಬಂದವರು ಮಂಡ್ಯದ ಬಸ್ಸು ಹತ್ತಲಿಲ್ಲ. ಮನೆದೇವರ ಗುಡಿಗೆ ಹೋಗಿ ಹೂ ಕೇಳಿದರು.

ನಮ್ಮ ಕಡೆ ಯಾವ ದೊಡ್ಡ ಕೆಲಸಕ್ಕೂ ಮುಂಚೆ ಹೂ ಕೇಳುವುದುಂಟು. ಪೂಜಾರಿ ಅಭಿಷೇಕ ಮುಗಿಸಿ, ಒದ್ದೆಯಾದ ವಿಗ್ರಹದ ಎರಡೂ ಭುಜಕ್ಕೆ ಹೂವಿನ ಎಸಳು ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ಕಾಯುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆ ಆಯಿತು, ಎಡಗಡೆಯದು ಬಿದ್ದರೆ ಬೇಡ ಎಂದು. ನಾನೇನು ದೇವರನ್ನು ಬಿಟ್ಟವಳಲ್ಲ. ನನ್ನ ಮದುವೆಗೂ ಹೂ ಕೇಳಿದ್ದರು. ಬಲಕ್ಕೇ ಬೀಳಲಪ್ಪಾ ಎಂದು ಬೇಡಿಕೊಂಡವಳೇ ನಾನು. ಆದರೆ ಅಕ್ಕನ ಗಂಟಿಗೆ ಹೂವು ಎಡಕ್ಕೆ ಬಿತ್ತಂತೆ. ಅಲ್ಲಿಗೆ ಆಸ್ಪತ್ರೆಯ ಮಾತು ಮುಗಿಯಿತಂತೆ. ಇದನ್ನು ಭಾವ ನನಗೆ ಹೇಳಿದ್ದು ಮಳೆ ಬಂತೋ ಇಲ್ಲವೋ ಎಂದು ಹೇಳುವ ದನಿಯಲ್ಲಿ.

ಸಿಟ್ಟು ಬಂದರೆ ನನಗೆ ಮನೆಯೊಳಗೆ ನಿಲ್ಲಲಾಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಚಳಿಗಾಲ ಆಗಷ್ಟೇ ಶುರುವಾಗಿತ್ತು, ರಸ್ತೆ ಬದಿಯಲ್ಲಿ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕಿದ್ದರು. ಅವರಲ್ಲಿ ಒಬ್ಬ ಹೆಂಗಸು ನನಗೆ ವರ್ಷಗಳ ಪರಿಚಯ. ಕೊಳ್ಳೇಗಾಲದ ಆಚೆಯ ಟಿಬೆಟಿಯನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡ ನಮ್ಮಷ್ಟೇ ಸಲೀಸು. ಚೌಕಾಸಿ ಮಾಡಿದರೆ ನಮಗಿಂತ ಜೋರಾಗಿ ಬೈಯುತ್ತಾಳೆ. ನನ್ನ ಮುಖ ನೋಡಿ ಸ್ಟೂಲು ಎಳೆದು ಕೂರಿಸಿದಳು. ನಾನು ಎಲ್ಲವನ್ನೂ ಕಕ್ಕಿಬಿಟ್ಟೆ.

ಅವಳು ನಗಲಿಲ್ಲ, ಅಯ್ಯೋ ಮೌಢ್ಯ ಎಂದೂ ಅನ್ನಲಿಲ್ಲ. "ನಮ್ಮಲ್ಲೂ ಇದೆಯಲ್ಲಮ್ಮ, ಮೋ ಅಂತೀವಿ," ಅಂದಳು. ಲಾಮಾ ಮಂತ್ರ ಹೇಳಿ ದಾಳ ಉರುಳಿಸಿ ಉತ್ತರ ಹೇಳುವುದಕ್ಕೆ ಅವರ ಮಾತಿನಲ್ಲಿ ಮೋ ಎಂದು ಹೆಸರು. ಈ ವರ್ಷ ಅಂಗಡಿಯನ್ನು ಮಂಡ್ಯದಲ್ಲಿ ಹಾಕಬೇಕೋ ಹಾಸನದಲ್ಲೋ ಎಂದೂ ಅವಳು ಮೋ ಕೇಳಿಕೊಂಡೇ ಬಂದಿದ್ದಳು. ಅವಳ ತಾಯಿಯ ಮಂಡಿ ಸವೆದು ಆಪರೇಷನ್ ಆಗಬೇಕಾದಾಗಲೂ ಕೇಳಿದ್ದರಂತೆ.

"ಆಪರೇಷನ್ ಬೇಡ ಅಂತ ಬಂದಿದ್ದರೆ ಏನು ಮಾಡ್ತಿದ್ರಿ?" ಎಂದೆ.

"ಬೇಕಾ ಬೇಡ್ವಾ ಅಂತ ಯಾರು ಕೇಳ್ತಾರೆ? ಡಾಕ್ಟ್ರು ಹೇಳಿದ ಮೇಲೆ ಮಾಡಿಸಲೇಬೇಕು. ಯಾವ ಆಸ್ಪತ್ರೆ, ಯಾವತ್ತು ಅಂತ ಕೇಳಿದ್ವಿ. ಅಮ್ಮನೇ ಕೇಳಿದ್ದು. ನೋವು ಅವಳದಲ್ವಾ," ಅಂದು ಯಾರಿಗೋ ಮಫ್ಲರ್ ತೋರಿಸಲು ಎದ್ದುಹೋದಳು.

ಮೋ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲಲ್ಲ. ಹಿಂದೆ ಕಾಲೇಜಿನ ಸಹೋದ್ಯೋಗಿಗಳ ಜೊತೆ ಥಾಯ್ಲೆಂಡ್ ಪ್ರವಾಸ ಹೋಗಿದ್ದೆ. ಅಲ್ಲಿ ನಮ್ಮ ಗುಂಪಿನ ಮೇಷ್ಟರೊಬ್ಬರು ಕಂಡದ್ದೆಲ್ಲ ತಿಂದು ಹೊಟ್ಟೆ ಕೆಡಿಸಿಕೊಂಡು ಹೋಟೆಲಿನಲ್ಲಿ ಮಲಗಿಬಿಟ್ಟರು. ನಮ್ಮ ಗೈಡು ಹೆದರಬೇಡಿ, ಮೋ ಬರುತ್ತಾರೆ ಎಂದ. ರಾಗ ಸ್ವಲ್ಪ ಬೇರೆ, ನನ್ನ ಕಿವಿಗೆ ಕೇಳಿಸಿದ್ದು ಮೋ ಎಂದೇ. ಬಂದವರು ಡಾಕ್ಟರು. ಥಾಯ್ ಜನ ವೈದ್ಯರನ್ನು ಕರೆಯುವುದೇ ಹಾಗಂತೆ. ಹಾಗೆಯೇ ಭವಿಷ್ಯ ನೋಡಿ ಹೇಳುವವನೂ ಅವರಿಗೆ ಒಂದು ಬಗೆಯ ಮೋ. ಆ ಗೈಡಿನ ತಾಯಿಯ ಊರು ಗಡಿಯ ನದಿಯಾಚೆ, ಲಾವೋಸಿನಲ್ಲಿ. ಅಲ್ಲಿ ರಾತ್ರಿಯಿಡೀ ಪದ ಕಟ್ಟಿ ಹಾಡುವ ಹಾಡುಗಾರರನ್ನೂ ಮೋ ಎಂದೇ ಕರೆಯುತ್ತಾರೆ, ದೆವ್ವ ಬಿಡಿಸುವವನೂ ಮೋ, ಯಾವುದಾದರೂ ಒಂದು ವಿದ್ಯೆಯನ್ನು ಚೆನ್ನಾಗಿ ಬಲ್ಲವರೆಲ್ಲ ಮೋ ಎಂದು ಅವನು ಹೇಳಿದ. ಟಿಬೆಟಿನವರ ಮೋಗೂ ಇವರ ಮೋಗೂ ನೆಂಟಸ್ತಿಕೆ ಇದೆಯೋ ಇಲ್ಲವೋ ನಾನು ಕಾಣೆ. ಇತಿಹಾಸ ಪಾಠ ಮಾಡುವವಳು, ಭಾಷೆ ಓದಿದವಳಲ್ಲ.

ಆದರೆ ಸ್ವೆಟರ್ ಅಂಗಡಿಯ ಸ್ಟೂಲಿನ ಮೇಲೆ ಕೂತು ನನಗೆ ಹೊಟ್ಟೆ ಉರಿದದ್ದು ಇದಕ್ಕೆ. ದಾಳ ಹಾಕುವ ಲಾಮಾ ಇರಲಿ, ಔಷಧ ಕೊಡುವ ಥಾಯ್ ಡಾಕ್ಟರಿರಲಿ, ಲಾವೋಸಿನ ಹಾಡುಗಾರನಿರಲಿ, ಮೋ ಎಂಬ ಮಾತಿನ ಹತ್ತಿರ ಬರಬೇಕಾದರೆ ಏನಾದರೊಂದು ಕಲಿತಿರಬೇಕು. ನಮ್ಮ ಭಾವ ಏನು ಕಲಿತಿದ್ದರು? ಮಂತ್ರವೂ ಇಲ್ಲ, ಮದ್ದೂ ಇಲ್ಲ, ಹಾಡಂತೂ ಬಿಡಿ, ಭಜನೆಯಲ್ಲಿ ತಾಳ ತಪ್ಪುವ ಆಸಾಮಿ. ಮನೆಯ ಯಜಮಾನ ಅನ್ನುವುದೊಂದೇ ಅವರ ವಿದ್ಯೆ. ಆ ಒಂದು ವಿದ್ಯೆಯಿಂದ ಪ್ರಶ್ನೆಯೂ ಅವರದು, ಅರ್ಥ ಹೇಳುವುದೂ ಅವರದು, ಎದೆ ಮಾತ್ರ ನಮ್ಮಕ್ಕನದು.

ಮುಂದಿನ ಭಾನುವಾರವೇ ಮಳವಳ್ಳಿ ಬಸ್ಸು ಹತ್ತಿದೆ. ಅಕ್ಕನ ಮನೆ ಅಂಗಳದಲ್ಲಿ ಭಾವನ ಟ್ರ್ಯಾಕ್ಟರು ನಿಂತಿತ್ತು, ತೊಳೆದು ಕುಂಕುಮ ಇಟ್ಟು ಹಾರ ಹಾಕಿತ್ತು. ಅದನ್ನು ನೋಡಿದ ಕೂಡಲೇ ನೆನಪಾಯಿತು. ಆ ಟ್ರ್ಯಾಕ್ಟರು ತರುವಾಗಲೂ ಹೂ ಕೇಳಿದ್ದರು, ನಾನೂ ಗುಡಿಯಲ್ಲಿದ್ದೆ. ಎಡಕ್ಕೆ ಬಿತ್ತು. ಪೂಜಾರಿ ಇನ್ನೊಂದು ಸಲ ಎಸಳು ಅಂಟಿಸಿದ, ಮತ್ತೂ ಎಡಕ್ಕೆ. ನೀರು ಜಾಸ್ತಿಯಾಯಿತು ಎಂದು ಭಾವ ವಿಗ್ರಹ ಒರೆಸಿಸಿ ಮತ್ತೆ ಇಡಿಸಿದರು. ಆಗ ಬಲಕ್ಕೆ ಬಿತ್ತು. ಎಲ್ಲರೂ ಗಂಟೆ ಬಾರಿಸಿ ಪ್ರಸಾದ ತಿಂದೆವು.

"ಟ್ರ್ಯಾಕ್ಟರಿಗೆ ಬಲಕ್ಕೆ ಬೀಳೋ ತನಕ ಕೇಳಿದ್ರಲ್ಲ ಭಾವ, ನಮ್ಮಕ್ಕನಿಗೆ ಯಾಕೆ ಒಂದೇ ಸಲಕ್ಕೆ ಸಾಕಾಯ್ತು?" ಎಂದು ಜಗಲಿಯ ಮೇಲೇ ಕೇಳಿಬಿಟ್ಟೆ.

"ಅದ್ಕೂ ಇದ್ಕೂ ಯಾಕವ್ವ ಸೇರುಸ್ತೀಯೆ? ಜೀವದ್ ವಿಸ್ಯ ಇದು. ಪದೇ ಪದೇ ಕೇಳುದ್ರೆ ದೇವ್ರು ಮುನಿಸ್ಕತಾನೆ," ಅಂದರು. ದನಿಯಲ್ಲಿ ಅಳುಕಿತ್ತು, ಅದನ್ನು ಹೇಳಲೇಬೇಕು. ಅವರು ಕೆಟ್ಟವರಲ್ಲ, ಹೆದರಿದ್ದರು. ಆದರೆ ತಮ್ಮ ಹೆದರಿಕೆಗೆ ದೇವರ ಹೆಸರು ಇಟ್ಟು ಅಕ್ಕನ ತಲೆಗೆ ಕಟ್ಟಿದ್ದನ್ನು ನಾನು ಹೇಗೆ ಒಪ್ಪಲಿ?

ಅಕ್ಕ ಒಳಗೆ ರಾಗಿಮುದ್ದೆ ತೊಳಸುತ್ತಿದ್ದಳು. ಕೋಲು ತಿರುಗಿಸುವಾಗ ನೋವಿನ ಕಡೆಯ ಕೈಯನ್ನು ಮೈಗೆ ಒತ್ತಿ ಹಿಡಿದಿದ್ದಳು. ನಾನು ಕೋಲು ಕಿತ್ತುಕೊಂಡೆ. ನಿನಗೂ ಬಾಯಿಲ್ಲವಾ ಎಂದು ಅವಳ ಮೇಲೂ ರೇಗಿದೆ.

"ನಾನೂ ಕೇಳಿದ್ದೆ ಕಣೆ," ಅಂದಳು ಅಕ್ಕ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ. "ಇವ್ರು ಓಗೋಕ್‌ ಮುಂಚೆನೇ. ಸ್ವಾಮಾರ ಒಬ್ಳೇ ಓಗಿ ಪೂಜಾರಪ್ಪನ್ ಕೈಲಿ ಊ ಇಡ್ಸುದ್ದೆ. ಬಲ್ಕ್ ಕೊಟ್ಟ. ಅಂಗ್ ಇಟ್ಟಂಗೆ ಕೊಟ್ಟ ಕಣೆ."

"ಮತ್ತೆ ಹೇಳಲಿಲ್ವಾ?"

"ಏಳ್ದೆ. ಎಂಗುಸ್ರು ಕೇಳಿದ್ದು ಲೆಕ್ಕಕ್ಕಿಲ್ಲ, ಯಜಮಾನ ಕೇಳ್ಬೇಕು ಅಂದ್ರು. ಪೂಜಾರಪ್ಪನೂ ಔದು ಅಂದ."

ಕೋಲು ನನ್ನ ಕೈಯಲ್ಲೇ ಉಳಿಯಿತು. ಹೂವನ್ನು ನಂಬುವ ಮನೆ ಅದು. ಆ ಹೂವೇ ಅವಳಿಗೆ ಹೋಗು ಎಂದಿತ್ತು. ಅವರ ದೇವರ ಮಾತನ್ನೂ ಅವರು ಕೇಳಿರಲಿಲ್ಲ! ಅಷ್ಟು ದಿನ ನನಗೆ ಸಿಟ್ಟಿದ್ದದ್ದು ಹೂವಿನ ಮೇಲೆ. ಆ ಕ್ಷಣಕ್ಕೆ ಹೂವಿನ ಮೇಲಿನ ಸಿಟ್ಟೆಲ್ಲ ಇಳಿದು, ಇನ್ನೊಂದು ಕಡೆ ಏರಿತು. ಜಗಲಿಗೆ ಹೋಗಿ, ನಾಳೆ ಬೆಳಗ್ಗೆ ಅಕ್ಕನನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗುತ್ತೇನೆ, ಬರುವುದಾದರೆ ನೀವೂ ಬನ್ನಿ ಅಂದೆ. ಭಾವ ಎದ್ದು ಕೊಟ್ಟಿಗೆ ಕಡೆ ಹೋದರು. ಬೆಳಗ್ಗೆ ಮಾತ್ರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಮಗಿಂತ ಮುಂಚೆ ಬಸ್‌ಸ್ಟಾಪಿನಲ್ಲಿ ನಿಂತಿದ್ದರು.

ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗು, ಸೂಜಿ ಹಾಕಿ ತೆಗೆಯುವ ಪರೀಕ್ಷೆ ಎಲ್ಲ ಆಗಿ, ರಿಪೋರ್ಟಿಗಾಗಿ ಕಾದು, ಮತ್ತೆ ಹೋದೆವು. ಆಪರೇಷನ್ ಮಾಡುವ ಡಾಕ್ಟರು ಚಿಕ್ಕ ವಯಸ್ಸಿನವರು, ಹೊರಗೆ ಓದಿ ಬಂದವರು. ಇನ್ನು ಸರಿಹೋಯಿತು, ಓದಿದವರ ಕೈಗೆ ಬಂದೆವು ಎಂದು ನಾನು ಉಸಿರು ಬಿಟ್ಟೆ.

ಅವರು ರಿಪೋರ್ಟು ನೋಡಿದರು. ಎದುರಿಗೆ ಅಕ್ಕ ಕೂತಿದ್ದಳು. ಅವಳ ಪಕ್ಕದಲ್ಲಿ ನಾನು. ಡಾಕ್ಟರು ಗೋಡೆಗೊರಗಿ ನಿಂತಿದ್ದ ಭಾವನ ಕಡೆಗೆ ತಮ್ಮ ಕುರ್ಚಿ ತಿರುಗಿಸಿದರು.

"ನೋಡಿ ಯಜಮಾನ್ರೇ, ನಿಮ್ಮ ಮನೆಯವರಿಗೆ ಬಂದಿರೋದು ಕ್ಯಾನ್ಸರ್ರೇ. ಗಂಟಿನ ಭಾಗ ಮಾತ್ರ ತೆಗೆದು ಆಮೇಲೆ ಕರೆಂಟು, ಅಂದ್ರೆ ರೇಡಿಯೇಷನ್, ಕೊಡಿಸಬಹುದು, ಇಲ್ಲ ಪೂರ್ತಿ ತೆಗೆದುಬಿಡಬಹುದು. ಯೋಚನೆ ಮಾಡಿ ಹೇಳಿ, ನೀವು ಹೇಗಂತೀರೋ ಹಾಗೆ."

ನನಗೆ ಕಿವಿಯವರೆಗೂ ರಕ್ತ ನುಗ್ಗಿತು. ಕೋಟು ಹಾಕಿಕೊಂಡು ಎ.ಸಿ. ಕೆಳಗೆ ಕೂತ ಇವರೂ ಕೇಳುವುದು ಯಜಮಾನನನ್ನೇ. ಭಾವ ಗಂಟಲು ಸರಿಮಾಡಿಕೊಂಡು, "ಒಂದ್ಸತಿ ಊರ್ಗೋಗಿ ದೇವ್ರ ಕೇಳ್ಬುಟ್ಟು..." ಎಂದು ಶುರು ಮಾಡಿದರು. ನಾನು ಬಾಯಿ ತೆರೆಯುವ ಹೊತ್ತಿಗೆ ಅಕ್ಕ ಮೇಜಿನ ಮೇಲೆ ಅಂಗೈ ಬಡಿದಳು. ಅವಳು ಯಾರ ಮುಂದೆಯೂ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

"ಇಲ್ನೋಡಪ್ಪ ಡಾಕ್ಟ್ರೇ. ಎದೆ ನಂದು, ಗಂಟು ನಂದು. ಇತ್ಲಾಗ್ ತಿರಿಕ್ಕಂಡು ನಂಗೇಳು. ನಾನು ಉಳ್ಕತೀನಾ?"

ಡಾಕ್ಟರು ಕುರ್ಚಿ ತಿರುಗಿಸಿದರು. ಬೇಗ ಆಪರೇಷನ್ ಆದರೆ ಉಳಿಯುತ್ತೀರಿ ಅನ್ನೋ ನಂಬಿಕೆ ನನಗಿದೆ ಅಮ್ಮ, ಎಂದು ಮೊದಲ ಸಲ ಅವಳ ಮುಖ ನೋಡಿ ಹೇಳಿದರು.

"ಅಂಗಾರೆ ಪೂರ್ತಿ ತಗ್ದಾಕು. ನಾಳೆನೇ ಆದ್ರೂ ಸರಿ," ಅಂದಳು ಅಕ್ಕ. ಭಾವನ ಕಡೆ ತಿರುಗಿ ನೋಡಲಿಲ್ಲ.