ಜಯಾ ಮ್ಯಾಡಂ ಮತ್ತು ಬೇರೆಯಾಗದ ಚುಕ್ಕೆಗಳು

ಜಯಾ ಮ್ಯಾಡಂ ಓಡುವ ಬಸ್ಸಿನಲ್ಲಿ ಬಳೆ ಇಟ್ಟು ವೃತ್ತ ಬರೆಯುತ್ತಿದ್ದರು. ಅಕ್ಕಲಕೋಟೆಯಿಂದ ಸೊಲ್ಲಾಪುರದ ನಮ್ಮ ಕಾಲೇಜಿಗೆ ಬರುವಷ್ಟರಲ್ಲಿ ನೋಟುಬುಕ್ಕಿನ ಎರಡು ಪುಟ ತುಂಬಿರುತ್ತಿದ್ದವು. ಪಕ್ಕದವರು ರಂಗೋಲಿಯೇ ಎಂದು ಕೇಳಿದರೆ ಹೌದೆಂದುಬಿಡುತ್ತಿದ್ದರು.

ಭೌತಶಾಸ್ತ್ರ ಕಲಿಸುತ್ತಲೇ ಅವರು ಪಿಎಚ್‌ಡಿ ಮಾಡುತ್ತಿದ್ದರು. ದ್ರವದಲ್ಲಿ ತೇಲುವ ಅತಿಸಣ್ಣ ಗಟ್ಟಿ ಕಣಗಳಿಗೆ ನೂಲಿನುಂಡೆಯಂಥ ಪಾಲಿಮರ್ ಬೆರೆಸಿದರೆ, ಮಿಶ್ರಣ ಒಮ್ಮೊಮ್ಮೆ ತಾನಾಗಿ ಎರಡು ಪದರವಾಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುವುದು ಅವರ ಹಟ. ಸೆಳೆತವೇ ಇಲ್ಲದ ಕಣಗಳು ಗುಂಪಾಗುವುದೇಕೆಂದು ಕೇಳಿದ್ದೆ.

"ಮನ್ಯಾಗ ಟ್ರಂಕ್ ಎಲ್ಲಾ ಒಂದ ಕಡಿ ಸರಿಸಿದ್ರ ಹುಡುಗ್ರಿಗೆ ಆಡಾಕ ಜಾಗಾ ಆಗ್ತದಲ್ಲವಾ? ಇಲ್ಲಿ ಹುಡುಗ್ರ ದಬ್ಬಿ ದಬ್ಬಿ ಟ್ರಂಕ್ ಸರಸ್ತಾರ."

ಎಂಎಸ್‌ಸಿ ಓದುತ್ತಿದ್ದ ನಾನೇ ಅವರ ಪ್ರೋಗ್ರಾಮನ್ನು ಟೈಪು ಮಾಡಿದ್ದೆ. ಮೂರು ತಿಂಗಳು ಓಡಿಸಿದರೂ ತೆರೆಯ ಮೇಲಿನ ಚುಕ್ಕೆಗಳು ಬೇರೆಯಾಗಲಿಲ್ಲ. ವಿಷಯವನ್ನೇ ಬಿಟ್ಟುಬಿಡಿ ಎಂದು ಪುಣೆಯ ಗೈಡ್ ಬರೆದರು. ಆ ದಿನ ಮ್ಯಾಡಂ ಊಟದ ಡಬ್ಬಿ ಬಿಚ್ಚಲಿಲ್ಲ. ನೋಟುಬುಕ್ಕನ್ನೂ ಮರೆತು ಹೋದರು.

ಅದನ್ನು ತಿರುವುತ್ತ ಒಂದು ಚಿತ್ರದ ಮುಂದೆ ನಿಂತೆ. ಮ್ಯಾಡಂ ಬಳೆ ಇಟ್ಟು ಬರೆದ ಪಾಲಿಮರ್ ಉಂಡೆಗಳು ಬೇಕೆಂದೇ ಒಂದರೊಳಗೊಂದು ಹಾಯ್ದುಹೋಗಿದ್ದವು. ಪ್ರೋಗ್ರಾಮಿನಲ್ಲಿ ಅವಕ್ಕೆ ಪರಸ್ಪರ ತಡೆ ಹಾಕಲು ಮ್ಯಾಡಂ ಮರೆತಿದ್ದಾರೆಂದುಕೊಂಡು, ಅವರಿಗೆ ಹೇಳದೆ, ನಾನೇ ಒಂದು ಸಾಲು ಸೇರಿಸಿದ್ದೆ.

ಮರುದಿನ ರವಿವಾರ. ಅಕ್ಕಲಕೋಟೆಗೆ ಹೋದೆ. ಹಪ್ಪಳ ಒಣಹಾಕುತ್ತಿದ್ದ ಮ್ಯಾಡಂ ಎದುರು ನಿಂತಲ್ಲೇ ತಪ್ಪೊಪ್ಪಿಕೊಂಡೆ. ಅವರು ಕೈಯಲ್ಲಿದ್ದ ಹಪ್ಪಳ ಹರವಿದರು. ಆಮೇಲೆ ನಗತೊಡಗಿದರು.

"ಮೂರ ತಿಂಗಳ ನಾ ನಿಸರ್ಗಕ್ಕ ಬೈದೆ. ಪಾಪ, ಅದರದೇನೂ ತಪ್ಪಿರಲಿಲ್ಲ. ಕೂಡು, ಚಹಾ ಕುಡಿ."

ಗೈಡಿಗೆ ಬರೆದ ಪತ್ರದಲ್ಲಿ ತಪ್ಪು ತಮ್ಮದೆಂದರು, ನನ್ನ ಹೆಸರೆತ್ತಲಿಲ್ಲ.

ಆ ಸಾಲು ತೆಗೆದ ನಾಲ್ಕನೆಯ ದಿನ ಗಟ್ಟಿ ಕಣಗಳ ಚುಕ್ಕೆಗಳೆಲ್ಲ ಒಂದು ಮಗ್ಗುಲಿಗೆ ಸರಿದವು. ಮ್ಯಾಡಂ ಆಫೀಸಿನ ಗುಮಾಸ್ತರನ್ನೂ ಕರೆತಂದು ತೋರಿಸಿದರು. ಅವರು ಕನ್ನಡಕ ಏರಿಸಿ, ಹಾಲು ಒಡೆಯಿತೇ ಎಂದು ಮರಾಠಿಯಲ್ಲಿ ವಿಚಾರಿಸಿದರು. ಎಷ್ಟು ಸರಿಯಾಗಿ ತಿಳಿದುಕೊಂಡರೆಂದು ಮ್ಯಾಡಂ ವಾರಗಟ್ಟಲೆ ಹೊಗಳಿದರು.

ಕೆಲವು ವರ್ಷಗಳ ನಂತರ ಮ್ಯಾಡಂ ಸೊಲ್ಲಾಪುರದ ನವಿ ಪೇಠ ಬಜಾರಿನಲ್ಲಿ ಸಿಕ್ಕರು. ಆಗ ಅವರು ಡಾಕ್ಟರ್ ಜಯಾ, ನಾನು ಬ್ಯಾಂಕ್ ನೌಕರಿಯವಳು. ಭೌತಶಾಸ್ತ್ರ ಬಿಟ್ಟೆನೆಂದು ಅಳುಕುತ್ತಲೇ ಹೇಳಿದೆ. ಅವರು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಚೀಲದಿಂದ ಜೋಳ, ಶೇಂಗಾ ಬೆರೆಸಿದ ಗಾಜಿನ ಬಾಟಲಿ ತೆಗೆದು ನಡುಬೀದಿಯಲ್ಲೇ ಅಲ್ಲಾಡಿಸಿದರು. ಶೇಂಗಾ ಮೇಲೆ ಬಂದವು. ಅರಿವೆ ಅಂಗಡಿಯವರೂ ಇಣುಕಿದರು.

"ಯಾಕ ಮ್ಯಾಲ ಬರ್ತಾವ? ವಿಚಾರ ಮಾಡಿ ಬಂದು ಹೇಳು."

ವಿಚಾರ ಮಾಡಿದೆ. ನನ್ನ ಉತ್ತರ ಸಿದ್ಧವಾಗುವ ಹೊತ್ತಿಗೆ ಕೇಳಲು ಅವರಿರಲಿಲ್ಲ.