ದೊಡ್ಡಮ್ಮ ಹಾಕಿದ ಹನಿ

ನನ್ನ ದೊಡ್ಡಮ್ಮನನ್ನು ನಮ್ಮ ಬೀದಿಯವರೆಲ್ಲ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವಳು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವಳಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ನಮ್ಮ ಅಂಗಡಿಯ ಕೌಂಟರಿನ ಹಿಂದೆ ನಲವತ್ತು ವರ್ಷ ನಿಂತವಳು. ಗಿರಾಕಿ ಕೋಟು ತಂದು ಮುಂದಿಟ್ಟರೆ ಸಾಕು, ಅದರ ತೋಳನ್ನು ಬೆಳಕಿಗೆ ಹಿಡಿದು, "ಇದನ್ನ ಬಿಸಿನೀರಲ್ಲಿ ಅದ್ದಿದ್ರಿ ಅಲ್ವಾ? ಇಲ್ಲ ಅನ್ಬೇಡಿ, ಬಟ್ಟೆನೇ ಹೇಳ್ತಿದೆ" ಎಂದು ಶುರು ಮಾಡುತ್ತಿದ್ದಳು. ಉಣ್ಣೆಯನ್ನು ಹೇಗೆ ಹಿಂಡಬೇಕು, ಶಾಯಿಯ ಕಲೆಗೆ ಏನು ಹಚ್ಚಬಾರದು, ಮದುವೆಯಾದ ಮೇಲೆ ಗಂಡಸರು ಯಾಕೆ ಕಾಲರ್ ಉಜ್ಜುವುದನ್ನು ಮರೆಯುತ್ತಾರೆ, ಎಲ್ಲದಕ್ಕೂ ಅವಳಲ್ಲಿ ಪಾಠವಿತ್ತು. ಬೈಸಿಕೊಂಡವರೇ ಮುಂದಿನ ವಾರ ಇನ್ನೊಂದು ಗಂಟು ಹೊತ್ತು ಬರುತ್ತಿದ್ದರು.

ಅಮ್ಮ ಅವಳಿಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಮ್ಮನ ಜಡೆ ಹೆಣೆದದ್ದು, ಶಾಲೆಗೆ ಬಿಟ್ಟು ಬಂದದ್ದು, ಜ್ವರ ಬಂದಾಗ ಮೂಗು ಹಿಡಿದು ಔಷಧಿ ಕುಡಿಸಿದ್ದು, ಎಲ್ಲ ದೊಡ್ಡಮ್ಮನೇ. ತಾನು ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದರೆ, "ಪುರುಸೊತ್ತು ಸಿಗಲಿಲ್ಲ" ಅನ್ನುತ್ತಿದ್ದಳು. ಅಪ್ಪ ರೈಲಿನ ಗಾರ್ಡು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ನಾನು ಬೆಳೆದದ್ದು ಈ ಇಬ್ಬರು ಹೆಂಗಸರ ನಡುವೆ.

ಅಮ್ಮನದು ರಫೂ ಕೆಲಸ. ಸುಟ್ಟೋ, ಹುಳ ತಿಂದೋ ತೂತಾದ ಬಟ್ಟೆಯ ಒಳಮಡಿಕೆಯಿಂದ ನಾಲ್ಕಾರು ಎಳೆ ಬಿಡಿಸಿಕೊಂಡು, ಸೂಜಿಯಲ್ಲಿ ಹಾಸು ಹೊಕ್ಕು ಹಾಕುತ್ತಾ ತೂತನ್ನು ನೇಯ್ದು ಮುಚ್ಚುವುದು. ಕಿಟಕಿಯ ಪಕ್ಕದ ಮೇಜಿನಲ್ಲಿ ಬೆನ್ನು ಬಗ್ಗಿಸಿ ಕೂತರೆ ಹೊತ್ತು ಹೋದದ್ದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವಳು ಮುಗಿಸಿದ ಮೇಲೆ ತೂತು ಎಲ್ಲಿತ್ತು ಎಂದು ಕೋಟಿನ ಯಜಮಾನನೇ ಹುಡುಕಬೇಕು. "ಇಲ್ಲಿತ್ತು ನೋಡಿ" ಎಂದು ದೊಡ್ಡಮ್ಮ ತಾನೇ ನೇಯ್ದವಳ ಹಾಗೆ ಬೆರಳಿಟ್ಟು ತೋರಿಸುತ್ತಿದ್ದಳು, ಅದೂ ಎಷ್ಟೋ ಸಲ ತಪ್ಪು ಜಾಗದಲ್ಲಿ.

ದೊಡ್ಡಮ್ಮನಿಗೆ ಅರವತ್ತೆರಡಾದಾಗ ಎರಡೂ ಕಣ್ಣಿಗೆ ಪೊರೆ ಬಂತು. ಚೀಟಿಯ ನಂಬರು ತಪ್ಪಾಗಿ ಓದಿ ಒಬ್ಬರ ಪ್ಯಾಂಟು ಇನ್ನೊಬ್ಬರಿಗೆ ಕೊಟ್ಟ ಮೇಲೆ ಆಪರೇಷನ್ನಿಗೆ ಒಪ್ಪಿದಳು. ಒಂದು ಕಣ್ಣಿಗೆ ಮೊದಲು, ಐದು ವಾರ ಬಿಟ್ಟು ಇನ್ನೊಂದಕ್ಕೆ. ಆಪರೇಷನ್ನಾದ ಕಣ್ಣು ಕೆಂಪಾಗಿ, ಒಳಗೆ ಯಾರೋ ಒತ್ತಿ ಹಿಡಿದ ಹಾಗೆ ನೋಯುತ್ತಿತ್ತು. ಉರಿಯೂತ ಇಳಿಯಲಿ ಎಂದು ಡಾಕ್ಟರು ಒಂದು ಹನಿ ಕೊಟ್ಟರು, ಸ್ಟಿರಾಯ್ಡ್ ಇರುವಂಥದ್ದು. ಮೊದಲ ವಾರ ದಿನಕ್ಕೆ ನಾಲ್ಕು ಸಲ, ಎರಡನೆಯ ವಾರ ಮೂರು, ಆಮೇಲೆ ಎರಡು, ಆಮೇಲೆ ಒಂದು, ಕೊನೆಗೆ ನಿಲ್ಲಿಸುವುದು. ಬಾಟಲಿ ಚೆನ್ನಾಗಿ ಕುಲುಕಬೇಕು, ತುದಿ ರೆಪ್ಪೆಗೆ ತಾಗಬಾರದು, ಇನ್ನೊಂದು ಹನಿ ಹಾಕುವುದಿದ್ದರೆ ನಡುವೆ ಹತ್ತು ನಿಮಿಷ ಬಿಡಬೇಕು. ನರ್ಸು ಹೇಳಿದ್ದನ್ನು ದೊಡ್ಡಮ್ಮ ಒಂದಕ್ಷರ ಬಿಡದೆ ಪಾಲಿಸಿದಳು. ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು, ಗಡಿಯಾರಕ್ಕೆ ಅಲಾರಾಂ. ಅಲಾರಾಂ ಹೊಡೆದರೆ ಕೌಂಟರಿನಲ್ಲಿ ಯಾರಿದ್ದರೂ ಸರಿ, ತಲೆ ಹಿಂದಕ್ಕೆ ವಾಲಿಸಿ ಹನಿ ಹಾಕಿಕೊಂಡು, ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ಎರಡು ನಿಮಿಷ ನಿಲ್ಲುತ್ತಿದ್ದಳು. ಗಿರಾಕಿಗಳೂ ಸುಮ್ಮನೆ ನಿಲ್ಲುತ್ತಿದ್ದರು.

ಮೂರನೆಯ ದಿನಕ್ಕೇ ನೋವು ಇಳಿಯಿತು. ಎರಡನೆಯ ಕಣ್ಣೂ ಗುಣವಾದ ಮೇಲೆ ಅಂಗಡಿಯ ಶರ್ಟುಗಳನ್ನು ಒಂದೊಂದಾಗಿ ನೋಡಿ ಪೆಚ್ಚಾಗಿ ಕೂತಳು. "ಬಿಳಿ ಬಿಳಿಯಾಗೇ ಇದೆಯಲ್ಲೇ. ಎರಡು ವರ್ಷದಿಂದ ಹಳದಿ ಹೋಗಿಲ್ಲ ಅಂತ ಬೈದು ಬೈದು ವಾಪಸ್ ಒಗೆಸಿದ್ದೀನಿ, ಪಾಪ" ಅಂದಳು. ಆ ಹನಿಯ ಮೇಲೆ ಅವಳಿಗೆ ಭಕ್ತಿಯೇ ಹುಟ್ಟಿತು. ಎರಡನೆಯ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಉಳಿದದ್ದನ್ನು ಎಸೆಯಿರಿ ಎಂದು ಹಾಳೆಯಲ್ಲಿ ಬರೆದಿತ್ತು. ದೊಡ್ಡಮ್ಮ ಪಾಲಿಸದೆ ಬಿಟ್ಟದ್ದು ಅದೊಂದೇ ಸಾಲು. ಕಿತ್ತುಹೋದ ಗುಂಡಿಯನ್ನೂ ಡಬ್ಬಿಯಲ್ಲಿ ಹಾಕಿಡುವವಳು ಔಷಧಿ ಎಸೆಯುತ್ತಾಳೆಯೇ? ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಳು.

ಎರಡು ತಿಂಗಳು ಕಳೆದಿರಬೇಕು. ಅಮ್ಮನಿಗೆ ನೆಗಡಿಯಾಗಿ ತುಟಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದಿದ್ದವು. ಅವು ಒಣಗುವ ಹೊತ್ತಿಗೆ ಬಲಗಣ್ಣು ಕೆಂಪಾಯಿತು. ನೀರು ಸುರಿಯುತ್ತಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ, ರೆಪ್ಪೆಯೊಳಗೆ ಮರಳು ಹೊಕ್ಕ ಹಾಗೆ ಚುಚ್ಚುತ್ತಿತ್ತು. ಬಟ್ಟೆಯ ಧೂಳು ಹೋಗಿರಬೇಕು ಎಂದುಕೊಂಡು ತಣ್ಣೀರಿನಲ್ಲಿ ತೊಳೆದಳು.

"ನಾಳೆ ಡಾಕ್ಟ್ರಿಗೆ ತೋರಿಸೋಣ" ಎಂದೆ ನಾನು. ನಾನಾಗ ಹತ್ತಿರದ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ.

"ಇದಕ್ಕೆಲ್ಲ ಯಾಕೆ ಡಾಕ್ಟ್ರು? ನನಗೂ ಥೇಟ್ ಹೀಗೇ ಕೆಂಪಾಗಿತ್ತು, ಹೀಗೇ ಚುಚ್ಚುತ್ತಿತ್ತು" ಎಂದು ದೊಡ್ಡಮ್ಮ ಬೀರುವಿನ ಕಡೆ ನಡೆದಳು. "ಬಾ ಇಲ್ಲಿ. ತಲೆ ಎತ್ತು. ಮೇಲೆ ನೋಡು."

ಅಮ್ಮ ತಲೆ ಎತ್ತಿದಳು. ಐವತ್ತೊಂದು ವರ್ಷದ ಹೆಂಗಸು, ಐದು ವರ್ಷದ ಮಗುವಿನ ಹಾಗೆ. ನಾನೂ ಅಲ್ಲೇ ನಿಂತಿದ್ದೆ. ಬೇಡ ಅನ್ನಲಿಲ್ಲ.

ಎರಡೇ ದಿನದಲ್ಲಿ ಕೆಂಪು ಇಳಿಯಿತು. "ನೋಡಿದ್ಯಾ?" ಎಂದು ದೊಡ್ಡಮ್ಮ ನನ್ನ ಮುಖ ನೋಡಿದಳು. ಅಮ್ಮ ಮೇಜಿಗೆ ಮರಳಿದಳು. ಹನಿ ನಿಲ್ಲಿಸಿದ ಮೇಲೆ ಮತ್ತೆ ಕೆಂಪಾಯಿತು. ದೊಡ್ಡಮ್ಮ ಮತ್ತೆ ಅಲಾರಾಂ ಇಟ್ಟಳು, ಗೀಟು ಹಾಕಿದಳು, ಕುಲುಕಿ ಕುಲುಕಿ ಹಾಕಿದಳು. ಹೀಗೆ ಎರಡು ವಾರ. ಒಂದು ಬೆಳಿಗ್ಗೆ ಅಮ್ಮ ಬೂದು ಬಣ್ಣದ ಕೋಟೊಂದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಅಕ್ಕಾ, ಈ ಗಾಜು ಒರೆಸಿಲ್ವಾ?" ಎಂದು ಕೇಳಿದಳು. ಗಾಜು ಒರೆಸಿಯಾಗಿತ್ತು.

ಡಾಕ್ಟರ ಕೋಣೆಗೆ ಮೂವರೂ ಹೋದೆವು. ಅವರು ಅಮ್ಮನ ಕಣ್ಣಿಗೆ ಹಳದಿ ಬಣ್ಣ ತಾಗಿಸಿ, ನೀಲಿ ಬೆಳಕು ಬಿಟ್ಟು, ಮೆಷಿನ್ನಿನ ಹಿಂದೆ ಕೂತು ನೋಡಿದರು. ಆಮೇಲೆ ಕೇಳಿದರು, "ಕಣ್ಣಿಗೆ ಏನಾದ್ರೂ ಹಾಕಿದ್ರಾ?"

"ಏನೂ ಇಲ್ಲ" ಅಂದಳು ಅಮ್ಮ.

ದೊಡ್ಡಮ್ಮ ಕೈಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ನಾನು ಹಾಕಿದೆ. ದಿನಕ್ಕೆ ನಾಲ್ಕು ಸಲ."

ಡಾಕ್ಟರು ಲೇಬಲ್ ಓದಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. "ಇದು ನಿಮಗೆ ಒಳ್ಳೆ ಔಷಧಿನೇ" ಎಂದರು ದೊಡ್ಡಮ್ಮನಿಗೆ. "ನಿಮ್ಮದು ಆಪರೇಷನ್ನಿಂದ ಬಂದ ಕೆಂಪು. ಇವರದು ವೈರಸ್. ತುಟಿ ಮೇಲೆ ಗುಳ್ಳೆ ಎಬ್ಬಿಸುತ್ತಲ್ಲ, ಅದೇ ಕಣ್ಣಿಗೆ ಬಂದಿದೆ. ಕಣ್ಣು ಕೆಂಪಾಗೋದು ಅದರ ಜೊತೆ ಹೊಡೆದಾಡೋಕೆ. ಈ ಹನಿ ಆ ಹೊಡೆದಾಟ ನಿಲ್ಲಿಸಿಬಿಡುತ್ತೆ. ಕೆಂಪು ಇಳಿದದ್ದು ರೋಗ ಇಳಿದು ಅಲ್ಲ."

ಅಮ್ಮನ ಕಪ್ಪುಗುಡ್ಡೆಯ ಮೇಲೆ ಹುಣ್ಣು ಹರಡಿತ್ತು. ಮೊದಲೇ ಬಂದಿದ್ದರೆ ಬಹುಶಃ ಗುರುತಿಲ್ಲದೆ ಮಾಯುತ್ತಿತ್ತು, ಈಗ ಮಾದರೂ ಕಲೆ ಉಳಿಯಬಹುದು ಎಂದರು. ಅಮ್ಮನನ್ನು ಇನ್ನೊಂದು ಪರೀಕ್ಷೆಗೆ ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರಿಸಿದರು. ನಾನೂ ದೊಡ್ಡಮ್ಮನೂ ತುಸು ದೂರದಲ್ಲಿ ನಿಂತಿದ್ದೆವು. ಅವಳು, "ಅಲ್ಲ ಕಣೇ, ನನಗೂ ಹೀಗೇ ಆಗಿತ್ತಲ್ಲ" ಎಂದು ಇನ್ನೂ ಏನೋ ಹೇಳಲು ಹೊರಟಿದ್ದಳು.

"ನೀನೇನು ಡಾಕ್ಟ್ರಾ?" ಎಂದೆ. "ನಿನಗೆ ಎಲ್ಲ ಗೊತ್ತು ಅಲ್ವಾ? ನಿನಗೆ ಹೊಸ ಕಣ್ಣು ಬಂತು, ಅಮ್ಮನ ಕಣ್ಣು ಹೋಯ್ತು. ಇನ್ಮೇಲಾದ್ರೂ ಬಾಯಿ ಮುಚ್ಕೊಂಡಿರು."

ದೊಡ್ಡಮ್ಮ ಬಾಯಿ ಮುಚ್ಚಿದಳು. ನಾನು ಹೇಳಿದ ಮಾತನ್ನೂ ಅವಳು ಒಂದಕ್ಷರ ಬಿಡದೆ ಪಾಲಿಸಿದಳು. ಮಾರನೆಯ ದಿನದಿಂದ ಕೌಂಟರಿನಲ್ಲಿ ಅವಳ ಪಾಠ ನಿಂತುಹೋಯಿತು. ಬಟ್ಟೆ ತೆಗೆದುಕೊಂಡು ಚೀಟಿ ಹರಿದು ಕೊಡುವುದು, ಅಷ್ಟೇ. ಹಳೆಯ ಗಿರಾಕಿಯೊಬ್ಬರು, "ಏನು ಮೇಷ್ಟ್ರೇ, ಇವತ್ತು ರಜಾನಾ?" ಎಂದು ನಕ್ಕರು. ಅವಳು ಚೀಟಿ ಕೊಟ್ಟು, "ಗುರುವಾರ ಬನ್ನಿ" ಅಂದಳು. ಕ್ರಮೇಣ ಆ ಹೆಸರಿನಿಂದ ಅವಳನ್ನು ಕರೆಯುವುದೇ ಜನಕ್ಕೆ ಮರೆತುಹೋಯಿತು. ನನಗೆ ಆಗ ಸಮಾಧಾನವೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಮುಲಾಮು, ಮಾತ್ರೆ ಎಲ್ಲ ಸೇರಿ ಮೂರು ವಾರಕ್ಕೆ ಹುಣ್ಣು ಮುಚ್ಚಿತು. ಆದರೆ ಕಣ್ಣಿನೊಳಗೆ ಊತ ಉಳಿದಿತ್ತು. ಆಗ ಡಾಕ್ಟರು ಮತ್ತೆ ಅದೇ ಜಾತಿಯ ಹನಿ ಬರೆದುಕೊಟ್ಟರು, ಇನ್ನೂ ಮೆದುವಾದದ್ದು. ವೈರಸ್ಸಿನ ಮಾತ್ರೆ ನುಂಗುತ್ತಲೇ, ವಾರಕ್ಕೊಮ್ಮೆ ಅವರಿಗೆ ತೋರಿಸುತ್ತಲೇ ಹಾಕಬೇಕು. "ಔಷಧಿ ಕೆಟ್ಟದ್ದಲ್ಲಮ್ಮ. ಯಾವಾಗ, ಎಷ್ಟು, ಎಷ್ಟು ದಿನ, ಅದನ್ನ ಕಣ್ಣೊಳಗೆ ನೋಡಿ ಹೇಳ್ಬೇಕು" ಎಂದರು.

ಮನೆಗೆ ಬಂದು ನಾನು ಬಾಟಲಿ ಕುಲುಕಿದೆ. ಅಮ್ಮ ಕುರ್ಚಿಯಲ್ಲಿ ಕೂತವಳು ನನ್ನ ಕೈ ಹಿಡಿದು ನಿಲ್ಲಿಸಿ, "ಅಕ್ಕ ಹಾಕಲಿ" ಅಂದಳು.

ದೊಡ್ಡಮ್ಮ ಒಳಕೋಣೆಯಿಂದಲೇ, "ಬೇಡ. ಅವಳೇ ಹಾಕ್ತಾಳೆ" ಅಂದಳು.

"ಇವಳು ಹಾಕಿದ್ರೆ ನನಗೆ ಕಣ್ಣು ತೆರೆಯೋಕೇ ಆಗಲ್ಲ. ಬಾ ಅಕ್ಕಾ, ಕತ್ತು ನೋಯ್ತಿದೆ."

ದೊಡ್ಡಮ್ಮ ಬಂದಳು. ಮೊದಲ ಹನಿ ಕೆನ್ನೆಗೆ, ಎರಡನೆಯದು ಕಿವಿಗೆ ಬಿತ್ತು. ಅಮ್ಮ ನಕ್ಕಳು. ಮೂರನೆಯದು ಸರಿಯಾಗಿ ಬಿದ್ದ ಮೇಲೆ ದೊಡ್ಡಮ್ಮ ಅಮ್ಮನ ಕಣ್ಣಿನ ಮೂಲೆ ಒತ್ತಿಕೊಂಡು ನಿಂತಳು. ಎರಡು ನಿಮಿಷವಾದ ಮೇಲೂ ಬೆರಳು ತೆಗೆಯಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಆಗಲೇ ಏನಾದರೂ ಹೇಳಬಹುದಿತ್ತು. ಇಸ್ತ್ರಿಯ ಸ್ವಿಚ್ಚು ಆರಿಸಬೇಕು ಎಂದು ನೆಪ ತೆಗೆದು ಕೆಳಗಿಳಿದೆ.

ಊತ ಇಳಿಯಿತು, ಕಲೆ ಉಳಿಯಿತು, ಅದೂ ನಟ್ಟನಡುವೆ. ಬಲಗಣ್ಣಿಗೆ ಹಗಲು ಬೆಳಕು ಮಂಜಿನಲ್ಲಿ ಕಂಡಷ್ಟೇ. ಒಂದೇ ಕಣ್ಣಿನಲ್ಲಿ ಅಮ್ಮ ಅಡುಗೆ ಮಾಡಿದಳು, ರಸ್ತೆ ದಾಟಿದಳು, ಪತ್ರಿಕೆ ಓದಿದಳು. ರಫೂ ಮಾತ್ರ ಆಗಲಿಲ್ಲ. ಎಳೆ ಎಷ್ಟು ಮೇಲಿದೆ, ಸೂಜಿ ಎಷ್ಟು ಕೆಳಗಿದೆ ಎಂಬ ಅಂದಾಜೇ ಸಿಗುತ್ತಿರಲಿಲ್ಲ. ಸೂಜಿಯ ತುದಿ ಎಳೆಯ ಪಕ್ಕದಲ್ಲಿ ಗಾಳಿಯನ್ನು ಚುಚ್ಚುತ್ತಿತ್ತು. ಒಂದು ವಾರ ಪ್ರಯತ್ನಿಸಿ, ಸೂಜಿಗಳನ್ನು ಫ್ಲಾನಲ್ ತುಂಡಿಗೆ ಸಿಕ್ಕಿಸಿ ಮಡಚಿ, ಕೌಂಟರಿಗೆ ಹೋಗಿ ದೊಡ್ಡಮ್ಮನ ಮುಂದೆ ಇಟ್ಟಳು.

"ನಿನ್ನ ಕಣ್ಣು ಹೊಸದು. ಕಲಿ."

"ಈ ವಯಸ್ಸಲ್ಲಾ?"

"ಕೌಂಟರ್ ನಾನು ನೋಡ್ಕೋತೀನಿ. ನಿನ್ನ ಹಾಗೆ ಬೈಯೋಕೆ ಬರಲ್ಲ, ಅಷ್ಟೇ."

ಕಲಿಯುವುದು ಸುಲಭವಾಗಿರಲಿಲ್ಲ. ದೊಡ್ಡಮ್ಮನ ಬೆರಳು ದಪ್ಪ, ತಾಳ್ಮೆ ತೆಳು. ಮೊದಲ ಆರು ತಿಂಗಳು ಹಳೆಯ ಬಟ್ಟೆಯ ಚೂರುಗಳ ಮೇಲೆ ಹಾಕಿದ್ದನ್ನೇ ಬಿಚ್ಚಿದಳು. ಅಮ್ಮ ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ಸವರುತ್ತಿದ್ದಳು. "ಇಲ್ಲಿ ಗಂಟಿದೆ. ಇಲ್ಲಿ ಎಳೆದಿದ್ದು ಜಾಸ್ತಿಯಾಯ್ತು. ಬಿಚ್ಚು." ಇಡೀ ಬೀದಿಗೆ ಪಾಠ ಹೇಳಿದವಳು ತುಟಿ ಬಿಗಿದುಕೊಂಡು ಬಿಚ್ಚುತ್ತಿದ್ದಳು. ಒಂದು ದಿನ ಮಾತ್ರ, "ನಿನಗೆ ಜಡೆ ಹಾಕೋವಾಗ ನಾನು ಇಷ್ಟು ಗೋಳು ಹುಯ್ಕೊಂಡಿರಲಿಲ್ಲ" ಎಂದು ಗೊಣಗಿದಳು. "ಹುಯ್ಕೊಂಡಿದ್ದೆ" ಅಂದಳು ಅಮ್ಮ. ಆ ಮನೆಯಲ್ಲಿ ಬಹಳ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಆವತ್ತು.

ಒಂದು ವರ್ಷದ ನಂತರ ದೊಡ್ಡಮ್ಮ ಗಿರಾಕಿಯ ಬಟ್ಟೆ ಮುಟ್ಟಿದಳು. ಅವಳ ರಫೂ ಎಂದೂ ಅಮ್ಮನ ರಫೂ ಆಗಲಿಲ್ಲ. ಹತ್ತಿರ ಹಿಡಿದರೆ ಗೊತ್ತಾಗುತ್ತಿತ್ತು, ದೂರದಿಂದ ಇಲ್ಲ. ಬಟ್ಟೆ ಕೊಡುವಾಗ ಅವಳು ಜಾಗ ತೋರಿಸಿ, "ಇಲ್ಲಿ ಸ್ವಲ್ಪ ಕಾಣುತ್ತೆ. ನನ್ನ ತಂಗಿ ಮಾಡಿದ್ರೆ ಕಾಣ್ತಿರಲಿಲ್ಲ" ಎಂದು ತಾನಾಗಿಯೇ ಹೇಳುತ್ತಿದ್ದಳು. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಐದು ವರ್ಷ ಹಾಗೆ ಹೇಳಿದಳು.

ಅವಳು ಹೋದದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ ಒರಗಿಕೊಂಡಲ್ಲೇ. ನಾನು ಶಾಲೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅಂಗಡಿಯಲ್ಲಿ ರಫೂಗೆ ಬಟ್ಟೆ ತೆಗೆದುಕೊಳ್ಳುವುದಿಲ್ಲ, ಒಗೆತ, ಇಸ್ತ್ರಿ ಅಷ್ಟೇ.

ಮೊನ್ನೆ ಅಮ್ಮನ ಜೊತೆ ಶರ್ಟು ಮಡಚುತ್ತಾ ಕೂತಿದ್ದಾಗ ಕೇಳಿದೆ. "ನಿನಗೆ ಅವಳ ಮೇಲೆ ಕೋಪ ಬರಲೇ ಇಲ್ವಾ?"

"ಬಂತು. ಎರಡು ದಿನ ಮಾತಾಡಿಸಲಿಲ್ಲ. ನೀನು ಗಮನಿಸಲಿಲ್ಲ, ನೀನೂ ಮಾತಾಡಿಸ್ತಿರಲಿಲ್ಲವಲ್ಲ."

"ಆವತ್ತು ಆಸ್ಪತ್ರೆಯಲ್ಲಿ ನಾನು ಅವಳಿಗೆ..."

"ಗೊತ್ತು. ಮುಚ್ಚಿಸಿ ಕೂರಿಸಿದ್ದು ನನ್ನ ಕಣ್ಣು, ಕಿವಿ ತೆರೆದೇ ಇತ್ತು." ಅಮ್ಮ ಕಾಲರಿನ ಸುಕ್ಕನ್ನು ಅಂಗೈಯಿಂದ ಒತ್ತಿದಳು. "ಅವಳು ಒಂದು ಸಲ ನನ್ನ ಹತ್ರ ಅಂದಿದ್ಲು, ಹುಡುಗಿ ಕೇಳಿದ್ದು ಸರಿಯಾಗೇ ಇತ್ತು, ಉತ್ತರ ನನ್ನ ಹತ್ರ ಇರಲಿಲ್ಲ ಅಂತ. ನೀನು ಬಂದು ಕೂತು ಒಂದು ಮಾತು ಆಡ್ತೀಯೇನೋ ಅಂತ ಕಾಯ್ತಿದ್ಲು ಅಂತ ಕಾಣುತ್ತೆ. ನಾನೇ ನಿನಗೆ ಹೇಳಬಹುದಿತ್ತು. ನೀವಿಬ್ಬರೂ ಸರಿ ಮಾಡ್ಕೋತೀರಿ ಅಂತ ಬಿಟ್ಟೆ."

ನಾನು ಮಡಚಿದ ಶರ್ಟನ್ನೇ ಬಿಚ್ಚಿ ಮತ್ತೆ ಮಡಚಿದೆ. ಅಷ್ಟರಲ್ಲಿ ಯಾರೋ ಬಟ್ಟೆಯ ಗಂಟು ತಂದರು. ಅಮ್ಮ ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಕಾಣುವ ಕಣ್ಣನ್ನು ಅವರ ಕಡೆ ಮಾಡಿ, ಎದ್ದು ಕೌಂಟರಿಗೆ ಹೋದಳು.