ನಮ್ಮ ಮೇಸ್ತ್ರಿಯ ಹಿಂದಿ

ಹಿಂದಿ ಕಿವಿಗೆ ಬಿದ್ದರೆ ನಮ್ಮ ಮೇಸ್ತ್ರಿಯ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಹಣೆಯ ವಿಭೂತಿ ಸುಕ್ಕುಗಟ್ಟುತ್ತಿತ್ತು. ನಂಜನಗೂಡಿನ ಆ ಮಸಾಲೆಪುಡಿ ಫ್ಯಾಕ್ಟರಿಯಲ್ಲಿ, ಉತ್ತರದ ಕಡೆಯಿಂದ ಬಂದ ಮ್ಯಾನೇಜರ ಮಾತನ್ನು ಪ್ಯಾಕಿಂಗ್ ಹೆಂಗಸರಾದ ನಮಗೆ ಕನ್ನಡದಲ್ಲಿ ಹೇಳುತ್ತಿದ್ದವರು ಅವರೊಬ್ಬರೇ.

ಒಮ್ಮೆ ಖಾರದ ಪುಡಿ ಹಾರಿದಾಗ ಮ್ಯಾನೇಜರು "ನಾಕ್ ಢಕೋ!" ಎಂದು ಕೂಗಿದರು. ಮೂಗು ಮುಚ್ಚಿಕೊಳ್ಳಿ ಎಂದು ಅರ್ಥವಂತೆ. ಮೇಸ್ತ್ರಿ, "ನಾಕು ಮುಚ್ಬೇಕಂತೆ ಕಣ್ರವ್ವಾ" ಎಂದರು. ನಾವು ನಾಲ್ಕು ಡ್ರಮ್ಮು ಮುಚ್ಚಿ ಸೀನುತ್ತ ನಿಂತೆವು. ಇನ್ನೊಮ್ಮೆ ಮ್ಯಾನೇಜರು ಸಾಕು ಎನ್ನಲು "ಬಸ್, ಬಸ್" ಎಂದದ್ದೇ ತಡ, ಇವರು ಬಸ್ಸು ಬಂತೆಂದು ನಮ್ಮನ್ನೆಲ್ಲ ಗೇಟಿಗೆ ಓಡಿಸಿದ್ದರು. ಆಮೇಲೆ ಊಟದ ಹೊತ್ತಿನಲ್ಲಿ ಅದನ್ನೆಲ್ಲ ಅವರೇ ನಟಿಸಿ ತೋರಿಸಿ ನಗಿಸುತ್ತಿದ್ದರು.

ನನ್ನ ಗಂಡ ಕಾಲು ಮುರಿದುಕೊಂಡು ಮಲಗಿದಾಗ, ಕವಲಂದೆಯಲ್ಲಿದ್ದ ನನ್ನನ್ನು ಕರೆಸಿ ಕೆಲಸಕ್ಕೆ ಸೇರಿಸಿದವರೂ ಅವರೇ. "ನೀನು ನನ್ ತಂಗಿ ಇದ್ದಂಗೆ ಕಣವ್ವ" ಎನ್ನುತ್ತಿದ್ದರು. ನಂಬಿದ್ದೆ.

ಆ ಮ್ಯಾನೇಜರು ವರ್ಗವಾಗಿ ಹೋಗುವ ಮೊದಲು ನಮ್ಮ ಲೈನಿಗೆ ಒಬ್ಬ ಲೀಡರನ್ನು ಆರಿಸಿದರು. ಮೇಸ್ತ್ರಿ ಬಂದು, "ಮಹದೇವಮ್ಮ!" ಎಂದು ಕೂಗಿದರು. ನನ್ನದೇ ಹೆಸರು, ಎದ್ದು ನಿಂತೆ.

"ನೀನಲ್ಲ ಕಣವ್ವ, ನರಸೀಪುರದ್ ಮಹದೇವಮ್ಮ."

ಅವಳಿನ್ನೂ ಹೊಸಬಳು, ಪ್ಯಾಕೆಟ್ ಸೀಲ್ ಮಾಡಲೂ ನನ್ನನ್ನೇ ಕೇಳುತ್ತಿದ್ದಳು. ಎಲ್ಲರೆದುರು ಕುಗ್ಗಿ ಕುಳಿತೆ.

ಹೊರಡುವ ದಿನ ಮ್ಯಾನೇಜರು ನೇರ ನನ್ನ ಬಳಿ ಬಂದರು. ನನ್ನತ್ತ ಬೆರಳು ತೋರಿ, "ಕವಲಂದೆ ಮಹದೇವಮ್ಮ, ಲೀಡರ್! ಗುಡ್!" ಎಂದು ನಕ್ಕು ಕಾರು ಹತ್ತಿದರು.

ಅದನ್ನು ತಿಳಿಯಲು ನನಗೆ ಹಿಂದಿ ಬೇಕಿರಲಿಲ್ಲ. ಮೇಸ್ತ್ರಿಯನ್ನು ಅಡ್ಡಗಟ್ಟಿದೆ.

"ಎಸ್ರು ಒಂದೇ ಅಲ್ವೇನವ್ವ, ಕಲ್ಸೋಯ್ತು" ಎಂದು ನಕ್ಕರು.

"ಊರೂ ಒಂದೇನಾ, ಸಾ?"

ನಗು ನಿಂತಿತು. "ಅವ್ಳು ನನ್ ತಮ್ಮನ್ ಎಂಡ್ತಿ. ಮನೇಲಿ ಪ್ರಾಣ ತಿಂದ್ರು. ನೀನಾದ್ರೆ ಅನುಸರ್ಸ್ಕತೀಯ ಅಂದ್ಕಂಡೆ."

ಹೊಸ ಮ್ಯಾನೇಜರ ಹತ್ತಿರ ಹೇಳಿಕೊಳ್ಳೋಣವೆಂದರೆ, ನನ್ನ ಮಾತನ್ನು ಅವರಿಗೆ ದಾಟಿಸಬೇಕಾದವರೂ ಈ ಮೇಸ್ತ್ರಿಯೇ.

ಹೋದ ವರ್ಷ ಅವರು ತೀರಿಕೊಂಡರು. ಅವರು ಕೊಡಿಸಿದ ಕೆಲಸದಿಂದಲೇ ಇವತ್ತಿಗೂ ನಮ್ಮ ಮನೆ ನಡೆಯುತ್ತಿದೆ. ಹಾಗಾಗಿ ನರಸೀಪುರಕ್ಕೆ ಅವರ ಶಿವಗಣಾರಾಧನೆಗೆ ಹೋದೆ. ಫೋಟೋಗೆ ಹೂವಿಟ್ಟೆ. ಅವರ ಹೆಂಡತಿ ಎಲೆ ಹಾಕಿಸಿ ಕರೆದರು. ಹಸಿವಿಲ್ಲ ಎಂದು ಹೇಳಿ, ಊಟಕ್ಕೆ ಕೂರದೆ ಹೊರಟುಬಂದೆ.